ಬೀದಿಯ ಪಾಲಿನ ಆಕಾಶ

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳಂತಹ ಹಳೆಯ ಬಡಾವಣೆಗಳಲ್ಲಿ ಬಹುಕಾಲದಿಂದ ವಾಸವಾಗಿರುವವರು ಆಗಾಗ ಆಡುವ ಮಾತೊಂದುಂಟು: “ನಮ್ಮ ಬೀದಿ ಈಗ ಮೊದಲಿನಂತಿಲ್ಲ.” ಏನು ಬದಲಾಯಿತು ಎಂದು ಕೇಳಿದರೆ ಉತ್ತರ ಒಡನೆ ಹೊಳೆಯುವುದಿಲ್ಲ. ರಸ್ತೆಯ ಅಗಲ ಅಷ್ಟೇ ಇದೆ. ಅಡ್ಡರಸ್ತೆಗಳ ಸಂಖ್ಯೆಗಳೂ ಅವೇ. ದೇವಸ್ಥಾನ ಇದ್ದಲ್ಲಿಯೇ ಇದೆ. ಆದರೂ ಏನೋ ಕಳೆದುಹೋಗಿದೆ ಎಂಬ ಭಾವನೆ ಮಾತ್ರ ಬಿಡುವುದಿಲ್ಲ. ಕಟ್ಟಡ ಕಟ್ಟುವವರು ಇದನ್ನು ಮುದುಕರ ಹಳಹಳಿಕೆಯೆಂದು ತಳ್ಳಿಹಾಕುತ್ತಾರೆ. ಆಡಳಿತದವರು, ಇದು ಅಭಿರುಚಿಯ ಪ್ರಶ್ನೆ, ನಿಯಮದ ವಿಷಯವಲ್ಲ ಎಂದು ಸುಮ್ಮನಾಗುತ್ತಾರೆ.

ಬಡಾವಣೆಯ ಲಕ್ಷಣವೆಂಬುದು ಬರಿಯ ಅಭಿರುಚಿಯ ಪ್ರಶ್ನೆಯಲ್ಲ. ಅದರ ಬಹುಭಾಗವನ್ನು ಅಳತೆಪಟ್ಟಿ, ಕೋನಮಾಪಕ, ಉಷ್ಣತಾಮಾಪಕಗಳಿಂದ ಅಳೆಯಬಹುದು. ಅಳೆಯಲು ಬರುವುದನ್ನು ನಿಯಮವಾಗಿ ಬರೆಯಲೂ ಬರುತ್ತದೆ. ಇದನ್ನು ಒಂದೆರಡು ಸರಳವಾದ ಲೆಕ್ಕಗಳಿಂದ ತೋರಿಸುವುದು ಈ ಲೇಖನದ ಉದ್ದೇಶ. ಹೈಸ್ಕೂಲಿನ ತ್ರಿಕೋನಮಿತಿಗಿಂತ ಹೆಚ್ಚಿನ ಗಣಿತ ಇಲ್ಲಿ ಬೇಕಾಗುವುದಿಲ್ಲ.

ಈ ಬಡಾವಣೆಗಳು ಹುಟ್ಟಿದ್ದೇ ಅಳತೆಯಿಂದ ಎಂಬುದನ್ನು ಮೊದಲು ನೆನೆಯಬೇಕು. 1890ರ ದಶಕದಲ್ಲಿ ಬೆಂಗಳೂರು ಪೇಟೆಯ ಇಕ್ಕಟ್ಟನ್ನು ಕಡಿಮೆ ಮಾಡಲು ಇವುಗಳ ಯೋಜನೆ ಆರಂಭವಾಯಿತು. 1898ರಲ್ಲಿ ಪ್ಲೇಗು ಬಂದೆರಗಿ ಜನ ಪೇಟೆಯನ್ನು ಬಿಟ್ಟು ಓಡಿದ ಮೇಲೆ ಅದಕ್ಕೆ ವೇಗ ಬಂದಿತು. ಆ ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂಬುದನ್ನು ಸೀಮೋನ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ್ದೂ ಅದೇ 1898ರಲ್ಲಿ. ಅದನ್ನು ಎಲ್ಲರೂ ಒಪ್ಪಲು ಇನ್ನೂ ಹಲವು ವರ್ಷಗಳು ಹಿಡಿದವು. ಬಡಾವಣೆಯ ನಕ್ಷೆ ಬರೆದವರು ನಂಬಿದ್ದುದು ಗಾಳಿ, ಬೆಳಕುಗಳನ್ನು. ನೇರವಾದ ರಸ್ತೆಗಳು, ಅವನ್ನು ಲಂಬವಾಗಿ ಕತ್ತರಿಸುವ ಅಡ್ಡರಸ್ತೆಗಳು, ಮನೆಯ ಸುತ್ತ ಬಿಟ್ಟ ಬಯಲು, ಎರಡು ಸಾಲು ಮನೆಗಳ ಹಿತ್ತಲುಗಳ ನಡುವೆ ಒಂದು ಕನ್ಸರ್ವೆನ್ಸಿ ಓಣಿ, ಇವೆಲ್ಲ ಆರೋಗ್ಯದ ಹೆಸರಿನಲ್ಲಿ ಬಂದ ಅಳತೆಗಳು. ಅಂದಕ್ಕಾಗಿ ಯಾರೂ ಇವನ್ನು ವಿಧಿಸಲಿಲ್ಲ. ಇಂದು ನಾವು ಮೆಚ್ಚುವ ಸಂಪಿಗೆ ಮರದ ನೆರಳು, ಗೇಟಿನಿಂದ ಜಗುಲಿಯವರೆಗಿನ ಹತ್ತು ಹೆಜ್ಜೆಯ ಅಂಗಳ, ಹೆಂಚಿನ ಮಾಡಿನ ಮೇಲೆ ಕಾಣುವ ಆಕಾಶ, ಎಲ್ಲವೂ ಆ ಅಳತೆಗಳ ಫಲ.

ಈಗ ಆಕಾಶದ ಲೆಕ್ಕಕ್ಕೆ ಬರೋಣ. 12 ಮೀಟರ್ ಅಗಲದ ಒಂದು ರಸ್ತೆಯನ್ನು ಊಹಿಸಿಕೊಳ್ಳಿ. ಎರಡು ಬದಿಗೂ ಉದ್ದಕ್ಕೆ ಮನೆಗಳ ಸಾಲು. ಪ್ರತಿಯೊಂದು ಮನೆಯೂ ರಸ್ತೆಯ ಅಂಚಿನಿಂದ 3 ಮೀಟರ್ ಹಿಂದಕ್ಕೆ ನಿಂತಿದೆ. ಎತ್ತರ 7 ಮೀಟರ್, ಎಂದರೆ ಎರಡು ಅಂತಸ್ತು. ಆಗ ಗೋಡೆಯಿಂದ ಎದುರುಗೋಡೆಗೆ ಇರುವ ಅಂತರ 18 ಮೀಟರ್. ರಸ್ತೆಯ ನಡುನೆಲದಿಂದ ಮನೆಯ ನೆತ್ತಿಗೆ ಒಂದು ಗೆರೆ ಎಳೆದರೆ ಅದು ನೆಲದೊಡನೆ ಸುಮಾರು 38 ಡಿಗ್ರಿಯ ಕೋನ ಮಾಡುತ್ತದೆ. ಈ ಕೋನದ ಕೊಸೈನಿಗೆ ಒಂದು ಸ್ಪಷ್ಟವಾದ ಭೌತಿಕ ಅರ್ಥವಿದೆ: ಆ ನೆಲದಿಂದ ಹೊರಡುವ ಉಷ್ಣಕಿರಣಗಳಲ್ಲಿ ಎಷ್ಟು ಪಾಲು ಯಾವ ಗೋಡೆಗೂ ತಾಕದೆ ನೇರವಾಗಿ ಆಕಾಶವನ್ನು ಸೇರುವುದೋ ಅದೇ ಈ ಸಂಖ್ಯೆ. ನಮ್ಮ ಬೀದಿಯಲ್ಲಿ ಅದು 0.79. ನೂರರಲ್ಲಿ ಎಪ್ಪತ್ತೊಂಬತ್ತು ಪಾಲು ಆಕಾಶ.

ಈಗ ಅದೇ ಬೀದಿಯಲ್ಲಿ ಹಳೆಯ ಮನೆಗಳನ್ನು ಒಂದೊಂದಾಗಿ ಕೆಡವಿ, ಅಂಗಳವನ್ನು 1 ಮೀಟರಿಗೆ ಇಳಿಸಿ, 15 ಮೀಟರ್ ಎತ್ತರದ ಕಟ್ಟಡಗಳನ್ನು ಎಬ್ಬಿಸಿದರೆಂದು ತಿಳಿಯೋಣ. ಗೋಡೆಗಳ ನಡುವಣ ಅಂತರ 14 ಮೀಟರಿಗೆ ಬಂತು. ಕೋನ 65 ಡಿಗ್ರಿಗೆ ಏರಿತು. ಆಕಾಶದ ಪಾಲು 0.42ಕ್ಕೆ ಇಳಿಯಿತು. ರಸ್ತೆಯ ಅಗಲದಲ್ಲಿ ಒಂದು ಅಂಗುಲವೂ ವ್ಯತ್ಯಾಸವಿಲ್ಲ, ಆದರೆ ಬೀದಿ ತನ್ನ ಆಕಾಶದಲ್ಲಿ ಹತ್ತಿರಹತ್ತಿರ ಅರ್ಧವನ್ನು ಕಳೆದುಕೊಂಡಿತು. “ಮೊದಲಿನಂತಿಲ್ಲ” ಎನ್ನುವ ಮುದುಕರ ಕಣ್ಣು ಗುರುತಿಸಿದ್ದು ಇದನ್ನೇ.

ಇದರಿಂದಾಗುವ ನಷ್ಟ ಕಣ್ಣಿಗೆ ಮಾತ್ರವಲ್ಲ. ಹಗಲೆಲ್ಲ ಬಿಸಿಲು ಕುಡಿದ ನೆಲ, ಗೋಡೆಗಳು ರಾತ್ರಿ ಆ ಶಾಖವನ್ನು ಉಷ್ಣಕಿರಣಗಳ ರೂಪದಲ್ಲಿ ಬಿಟ್ಟುಕೊಡುತ್ತವೆ. ನಿರಭ್ರವಾದ ಆಕಾಶ ತಾನು ತೆಗೆದುಕೊಂಡಷ್ಟನ್ನೂ ಹಿಂದಿರುಗಿಸುವುದಿಲ್ಲ. ಎದುರುಗೋಡೆಯ ರೀತಿ ಬೇರೆ. ಅದೂ ನೆಲದಷ್ಟೇ ಬೆಚ್ಚಗಿರುವುದರಿಂದ ತೆಗೆದುಕೊಂಡಷ್ಟನ್ನೂ ಹೆಚ್ಚುಕಡಿಮೆ ಹಾಗೆಯೇ ಮರಳಿಸುತ್ತದೆ. ಆದುದರಿಂದ ಆಕಾಶದ ಪಾಲು ಕಡಿಮೆಯಾದ ಬೀದಿ ನಿಧಾನವಾಗಿ ತಣಿಯುತ್ತದೆ. ನಗರದ ರಾತ್ರಿಗಳು ಹೊರವಲಯದ ರಾತ್ರಿಗಳಿಗಿಂತ ಬೆಚ್ಚಗಿರುತ್ತವೆ ಎಂಬುದನ್ನು ಲೂಕ್ ಹೋವರ್ಡ್ ಎಂಬುವರು ಲಂಡನ್ನಿನ ಹವೆಯನ್ನು ಕುರಿತ ತಮ್ಮ ಗ್ರಂಥದಲ್ಲಿ 1818ರಷ್ಟು ಹಿಂದೆಯೇ ದಾಖಲಿಸಿದ್ದರು. ಈ ವ್ಯತ್ಯಾಸಕ್ಕೂ ಬೀದಿಯ ಎತ್ತರ–ಅಗಲಗಳ ಪ್ರಮಾಣಕ್ಕೂ ಇರುವ ಸಂಬಂಧವನ್ನು 1981ರಲ್ಲಿ ಟಿ. ಆರ್. ಓಕ್ ಎಂಬ ಹವಾವಿಜ್ಞಾನಿ ಹಲವು ನಗರಗಳ ಅಳತೆಗಳಿಂದ ಸ್ಥಾಪಿಸಿದರು. ಏಪ್ರಿಲ್ ತಿಂಗಳ ರಾತ್ರಿ ಹತ್ತು ಗಂಟೆಗೂ ಮನೆಯ ಗೋಡೆ ಮುಟ್ಟಿದರೆ ಬೆಚ್ಚಗೆ ತೋರುವುದು ವಾಚಕರ ಅನುಭವದಲ್ಲಿಯೂ ಇರಬಹುದು. ಅದಕ್ಕೆ ಎದುರುಮನೆಯ ಎತ್ತರವೂ ಒಂದು ಕಾರಣ.

ನೆರಳಿನ ಲೆಕ್ಕ ಇನ್ನೂ ಸ್ವಾರಸ್ಯವಾದುದು. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ ಉತ್ತರ. ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ಮಧ್ಯಾಹ್ನದ ಸೂರ್ಯ ಖಮಧ್ಯಕ್ಕೆ ಬಂದು ನೆಟ್ಟ ಕೋಲಿನ ನೆರಳು ಇಲ್ಲವಾಗುತ್ತದೆ. ಡಿಸೆಂಬರ್ 22ರ ಮಧ್ಯಾಹ್ನವಾದರೋ ಸೂರ್ಯ ದಕ್ಷಿಣಕ್ಕೆ ಬಾಗಿ 53½ ಡಿಗ್ರಿ ಉನ್ನತಿಯಲ್ಲಿರುತ್ತಾನೆ. ಆಗ ಯಾವುದೇ ವಸ್ತುವಿನ ನೆರಳು ಅದರ ಎತ್ತರದ ಮುಕ್ಕಾಲು ಪಾಲಿನಷ್ಟು, ಕರಾರುವಾಕ್ಕಾಗಿ 0.74ರಷ್ಟು, ಉದ್ದವಿದ್ದು ಉತ್ತರಕ್ಕೆ ಬೀಳುತ್ತದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನೆರಳಿನ ಉದ್ದ ಎತ್ತರದ ಒಂದೂವರೆಯಷ್ಟಾಗಿದ್ದು, ವಾಯವ್ಯದ ಕಡೆಗೆ ಚಾಚಿರುತ್ತದೆ.

ಇದರ ಪರಿಣಾಮವನ್ನು ಒಂದು ಮನೆಯ ಮೇಲೆ ನೋಡೋಣ. ಬೆಂಗಳೂರಿನಲ್ಲಿ ತಾರಸಿಯ ಮೇಲೆ ಸೌರ ಜಲತಾಪಕವಿಲ್ಲದ ಮನೆ ಅಪರೂಪವಾಗುತ್ತಿದೆ. 7 ಮೀಟರ್ ಎತ್ತರದ ಅಂತಹ ಮನೆಯೊಂದರ ದಕ್ಷಿಣಕ್ಕೆ, 2 ಮೀಟರ್ ಅಂತರದಲ್ಲಿ, 15 ಮೀಟರ್ ಎತ್ತರದ ಕಟ್ಟಡ ಬಂತೆನ್ನೋಣ. ತಾರಸಿಯ ಮಟ್ಟದಿಂದ ಮೇಲಕ್ಕೆ ಅದರ ಎತ್ತರ 8 ಮೀಟರ್. ಡಿಸೆಂಬರಿನ ಮಧ್ಯಾಹ್ನ ಅದರ ನೆರಳು ಸುಮಾರು 6 ಮೀಟರ್. ನಡುವಣ 2 ಮೀಟರನ್ನು ಕಳೆದರೆ ತಾರಸಿಯ ಮೊದಲ 4 ಮೀಟರ್ ನೆರಳಿಗೆ ಬಿತ್ತು. ಬೆಳಿಗ್ಗೆಯೂ ಸಂಜೆಗೂ ಅದು ಸುಮಾರು 6 ಮೀಟರಿನವರೆಗೆ ಒಳನುಗ್ಗಿ, ಪಕ್ಕದ ಮನೆಯ ಮೇಲೂ ಹರಿಯುತ್ತದೆ. ಬಿಸಿನೀರು ಅತ್ಯಂತ ಅಗತ್ಯವಾದ ತಿಂಗಳಿನಲ್ಲಿಯೇ ಜಲತಾಪಕ ಕೈಕೊಡುತ್ತದೆ. ಕಟ್ಟಿದವನಿಗೆ ಇದರಿಂದ ಯಾವ ನಷ್ಟವೂ ಇಲ್ಲ. ಅವನ ತಾರಸಿಗೆ ದಿನವೆಲ್ಲ ಬಿಸಿಲಿದೆ. ನಷ್ಟವೆಲ್ಲ ಉತ್ತರದ ಮನೆಯವನದು. ಹಣಕಾಸಿನ ಭಾಷೆಯಲ್ಲಿ ಹೇಳುವುದಾದರೆ, ಒಬ್ಬನ ಲಾಭದ ಲೆಕ್ಕಪುಸ್ತಕದಲ್ಲಿ ಇನ್ನೊಬ್ಬನ ಖರ್ಚು ಬರೆದೇ ಇಲ್ಲ. ಆ ಉತ್ತರದ ಮನೆಯವನು ಕೊನೆಗೆ ಏನು ಮಾಡುತ್ತಾನೆ? ತಾನೂ ಮನೆ ಕೆಡವಿ 15 ಮೀಟರಿಗೆ ಏರುತ್ತಾನೆ. ಒಂದು ಬೀದಿಯ ಸ್ವರೂಪ ಹತ್ತು ವರ್ಷಗಳಲ್ಲಿ ಬದಲಾಗುವುದು ಹೀಗೆ. ಮೊದಲ ಒಬ್ಬನಿಗೆ ದೊರೆತ ವಿನಾಯಿತಿಯಿಂದ.

ಇಲ್ಲಿ ಒಂದು ಆಕ್ಷೇಪಣೆಗೆ ಎಡೆಯುಂಟು. ನಮ್ಮದು ಉಷ್ಣದೇಶ, ನೆರಳು ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ಒಳ್ಳೆಯದೇ, ಆದರೆ ಮರದ ನೆರಳು ಬೇರೆ, ಗೋಡೆಯ ನೆರಳು ಬೇರೆ. ಮರ ತನ್ನ ಮೇಲೆ ಬಿದ್ದ ಬಿಸಿಲಿನ ಒಂದು ಪಾಲನ್ನು ಎಲೆಗಳಿಂದ ನೀರನ್ನು ಆವಿ ಮಾಡುವುದರಲ್ಲಿ ಕಳೆಯುತ್ತದೆ. ಗೋಡೆ ಅದನ್ನು ಕೂಡಿಟ್ಟು ರಾತ್ರಿ ನಮಗೆ ಕೊಡುತ್ತದೆ. ಅಲ್ಲದೆ ಮರಕ್ಕೆ ಬೇರೂರಲು ಮಣ್ಣು ಬೇಕು, ಆ ಮಣ್ಣು ಇರುವುದು ಅಂಗಳದಲ್ಲಿ. ಅಂಗಳಕ್ಕೆ ಕಲ್ಲು ಹಾಸಿದ ದಿನ ಮರದ ಆಯುಷ್ಯವೂ ತೀರಿತು. ಮಳೆಯ ಮಾತೂ ಅಷ್ಟೇ. 40–60 ಅಡಿಯ ಒಂದು ನಿವೇಶನದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 11,000 ಲೀಟರ್ ನೀರಾಯಿತು. ಅಂಗಳ, ಹಿತ್ತಲುಗಳಿದ್ದರೆ ಅದರಲ್ಲಿ ಬಹಳಷ್ಟು ಅಲ್ಲಿಯೇ ಇಂಗುತ್ತದೆ. ಇಲ್ಲದಿದ್ದರೆ ಅಷ್ಟೂ ಅರ್ಧ ಗಂಟೆಯೊಳಗೆ ಬೀದಿಯ ಚರಂಡಿಗೆ. ತಗ್ಗಿನ ಬಡಾವಣೆಗಳ ಮನೆಯೊಳಗೆ ಮಳೆಗಾಲದಲ್ಲಿ ನುಗ್ಗುವ ನೀರು ಮೇಲಿನ ಬಡಾವಣೆಗಳ ಕಳೆದುಹೋದ ಅಂಗಳಗಳಿಂದ ಬಂದದ್ದೂ ಹೌದು.

ಹಾಗಾದರೆ ನಿಯಮವನ್ನು ಬರೆಯುವುದು ಹೇಗೆ? ಇದು ಹೊಸ ಪ್ರಶ್ನೆಯೇನಲ್ಲ. 1666ರ ಮಹಾ ಅಗ್ನಿದುರಂತದ ತರುವಾಯ ಲಂಡನ್ನನ್ನು ಮತ್ತೆ ಕಟ್ಟುವಾಗ, 1667ರ ಕಾಯಿದೆ ಮನೆಗಳನ್ನು ವರ್ಗಗಳಾಗಿ ವಿಂಗಡಿಸಿ, ಕಿರುಗಲ್ಲಿಗಳಲ್ಲಿ ಎರಡು ಅಂತಸ್ತು, ಮಧ್ಯಮ ಬೀದಿಗಳಲ್ಲಿ ಮೂರು, ಹೆದ್ದಾರಿಗಳಲ್ಲಿ ನಾಲ್ಕು ಎಂದು ವಿಧಿಸಿತು. ಇದರಲ್ಲಿ ಅಡಗಿರುವ ತತ್ತ್ವ ಗಮನಾರ್ಹ: ಮನೆಯ ಎತ್ತರವನ್ನು ನಿರ್ಧರಿಸತಕ್ಕದ್ದು ಒಡೆಯನ ಹಣವಲ್ಲ, ಮುಂದಿನ ಬೀದಿಯ ಅಗಲ. ನ್ಯೂಯಾರ್ಕಿನಲ್ಲಿ 1915ರಲ್ಲಿ ಈಕ್ವಿಟಬಲ್ ಎಂಬ ಕಟ್ಟಡ ಕಾಲುದಾರಿಯ ಅಂಚಿನಿಂದಲೇ ನೇರವಾಗಿ ಸುಮಾರು 160 ಮೀಟರ್ ಎತ್ತರಕ್ಕೆ ಎದ್ದು ಸುತ್ತಲಿನ ಬೀದಿಗಳನ್ನು ಕತ್ತಲೆಗೆ ತಳ್ಳಿದಾಗ ಎದ್ದ ಕೂಗಿಗೆ 1916ರ ವಲಯ ನಿಯಮಗಳು ಉತ್ತರವಾಗಿ ಬಂದವು. ಬೀದಿಯ ನಡುವಿನಿಂದ ಒಂದು ಓರೆಗೆರೆಯನ್ನು ಎಳೆದು, ಕಟ್ಟಡ ಏರಿದಂತೆಲ್ಲ ಆ ಗೆರೆಯ ಒಳಗೇ ಇರುವಂತೆ ಹಿಂದೆ ಸರಿಯಬೇಕೆಂಬುದು ಅವುಗಳ ಸಾರ. ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಆ ನಗರದ ಹಳೆಯ ಗಗನಚುಂಬಿಗಳ ಆಕಾರಕ್ಕೆ ಶಿಲ್ಪಿಗಳ ಕಲ್ಪನೆಗಿಂತ ಈ ಓರೆಗೆರೆಯೇ ಹೆಚ್ಚು ಕಾರಣ. ಜಪಾನಿನವರು ಇನ್ನೂ ನೇರವಾದ ದಾರಿ ಹಿಡಿದರು. 1976ರಲ್ಲಿ ತಿದ್ದುಪಡಿಯಾದ ಅವರ ಕಾಯಿದೆ ಎತ್ತರವನ್ನಷ್ಟೇ ನೋಡದೆ ನೆರಳನ್ನೇ ಅಳೆಯುತ್ತದೆ. ಚಳಿಗಾಲದ ಅತಿ ಕಿರಿದಾದ ಹಗಲಿನಲ್ಲಿ, ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ, ನೆರೆಯವನ ನೆಲದ ಮೇಲೆ ಎಷ್ಟು ಗಂಟೆ ನೆರಳು ಬೀಳಬಹುದೆಂಬುದಕ್ಕೆ ವಲಯಕ್ಕೆ ತಕ್ಕ ಮಿತಿಯುಂಟು. ಭೌತವಿಜ್ಞಾನಿಯೊಬ್ಬನೇ ಕುಳಿತು ಬರೆದಂತಹ ಕಾನೂನು!

ನಮ್ಮ ದೇಶದಲ್ಲಿಯೂ 1882ರ ಈಸ್‌ಮೆಂಟ್ ಕಾಯಿದೆಯಲ್ಲಿ, ಇಪ್ಪತ್ತು ವರ್ಷಗಳ ಕಾಲ ನಿರಾತಂಕವಾಗಿ ಅನುಭವಿಸಿದ ಬೆಳಕು, ಗಾಳಿಗಳು ಹಕ್ಕಾಗುವ ಏರ್ಪಾಡುಂಟು. ಆದರೆ ಅದು ಇಬ್ಬರು ನೆರೆಯವರ ನಡುವಣ ವ್ಯಾಜ್ಯ. ಬೀದಿಗೆ ಅಲ್ಲಿ ವಕೀಲರಿಲ್ಲ. ಬೀದಿಯ ಮಟ್ಟಿಗೆ ನಮ್ಮ ನಗರಗಳು ಹೆಚ್ಚಾಗಿ ನೆಚ್ಚಿರುವುದು ಎಫ್.ಎ.ಆರ್. ಎಂಬ ಅಂಕಿಯನ್ನು, ಎಂದರೆ ಎಲ್ಲ ಅಂತಸ್ತುಗಳ ಒಟ್ಟು ನೆಲವನ್ನು ನಿವೇಶನದ ವಿಸ್ತೀರ್ಣದಿಂದ ಭಾಗಿಸಿ ಬಂದ ಅನುಪಾತವನ್ನು. ಉಪಯುಕ್ತವಾದ ಅಂಕಿ, ಸಂದೇಹವಿಲ್ಲ. ಆದರೆ ಅದಕ್ಕೆ ಆಕಾರದ ಪರಿವೆ ಇಲ್ಲ. 2,400 ಚದರಡಿಯ ನಿವೇಶನದಲ್ಲಿ ಅನುಪಾತ 1.75 ಎಂದರೆ 4,200 ಚದರಡಿ ಕಟ್ಟಬಹುದು. 1,400 ಚದರಡಿಯ ಮೂರು ಅಂತಸ್ತುಗಳಾದರೂ ಸರಿ, 840 ಚದರಡಿಯ ಐದು ಅಂತಸ್ತುಗಳಾದರೂ ಸರಿ, ಅಂಕಿ ಒಂದೇ. ಬೀದಿಯಲ್ಲಿ ನಿಂತವನಿಗೆ ಎರಡೂ ಒಂದೇ ಅಲ್ಲ. ಬೆಂಗಳೂರಿನಲ್ಲಿ ವಾಹನ ನಿಲ್ಲಿಸುವ ನೆಲ ಈ ಲೆಕ್ಕಕ್ಕೆ ಸೇರದ ಕಾರಣ, ಕಂಬಗಳ ಮೇಲೆ ಮನೆಯನ್ನು ಎತ್ತಿ ನಿಲ್ಲಿಸಿ, ಜಗುಲಿ ಇರಬೇಕಾದ ಜಾಗದಲ್ಲಿ ಕಾರುಗಳ ಸಾಲು ಕಾಣುವಂತಾಗಿದೆ. ಬೀದಿಯ ಕಡೆಗೆ ನೋಡುವ ಕಿಟಕಿ ಒಂದಂತಸ್ತು ಮೇಲಕ್ಕೆ ಹೋಯಿತು. ಅದರ ಹಿಂದೆ ಕುಳಿತು ಹೋಗಿಬರುವವರನ್ನು ಮಾತನಾಡಿಸುತ್ತಿದ್ದವರೂ ಹೋದರು.

ಇನ್ನೊಂದು ಬಗೆಯ ಮಾರ್ಗಸೂಚಿಗಳುಂಟು. ಅವನ್ನು ನಾವು ಅಷ್ಟಾಗಿ ಮೆಚ್ಚುವುದಿಲ್ಲ. ಕಂಬದ ಬಗೆ, ಬಣ್ಣ, ಕಿಟಕಿಯ ಮೇಲಣ ಚೂಪಾದ ಮರದ ಮುಚ್ಚಿಗೆ, ಅದೇ ಬೆಂಗಳೂರಿಗರು ‘ಮಂಕಿ ಟಾಪ್’ ಎನ್ನುವುದು, ಇವನ್ನು ಉಳಿಸಿದರೆ ಬಡಾವಣೆಯ ಲಕ್ಷಣ ಉಳಿದಂತೆ ಎಂದು ಅವು ಭಾವಿಸುತ್ತವೆ. ಐದಂತಸ್ತಿನ ಕಟ್ಟಡಕ್ಕೆ ಮಂಕಿ ಟಾಪ್ ಅಂಟಿಸಿದರೆ ಅದು ವೇಷವಾಯಿತೇ ಹೊರತು ಲಕ್ಷಣವಾಗಲಿಲ್ಲ. ಎತ್ತರ, ಅಂಗಳ, ಓರೆಗೆರೆಗಳನ್ನು ಪಾಲಿಸಿದ ಮನೆ ಬರಿಯ ಸಿಮೆಂಟು, ಗಾಜುಗಳದಾಗಿದ್ದರೂ ಹಳೆಯ ಸಾಲಿನಲ್ಲಿ ನೆಮ್ಮದಿಯಾಗಿ ನಿಲ್ಲಬಲ್ಲದು.

ಆದರೆ ನಗರ ಬೆಳೆಯಬಾರದೇ? 1901ರಲ್ಲಿ ದಂಡು ಪ್ರದೇಶವೂ ಸೇರಿ ಒಂದೂವರೆ ಲಕ್ಷದ ಆಸುಪಾಸಿನಲ್ಲಿದ್ದ ಬೆಂಗಳೂರಿನ ಜನಸಂಖ್ಯೆ 2011ರ ಜನಗಣತಿಯ ವೇಳೆಗೆ ಸುಮಾರು 85 ಲಕ್ಷ ಮುಟ್ಟಿತ್ತು. ಅವರಿಗೆಲ್ಲ ಸೂರು ಬೇಡವೇ? ಇದು ನ್ಯಾಯವಾದ ಪ್ರಶ್ನೆ. ಹೆಚ್ಚು ಜನಕ್ಕೆ ಮನೆ ಬೇಕಾದರೆ ಎತ್ತರಕ್ಕೇ ಹೋಗಬೇಕೆಂಬ ನಂಬಿಕೆಯನ್ನು 1960ರ ದಶಕದಲ್ಲಿ ಕೇಂಬ್ರಿಜ್ಜಿನ ಲೆಸ್ಲಿ ಮಾರ್ಟಿನ್ ಮತ್ತು ಲಯೊನೆಲ್ ಮಾರ್ಚ್ ಎಂಬ ವಾಸ್ತುವಿದರು ಪರೀಕ್ಷೆಗೆ ಒಡ್ಡಿದರು. ಅವರು ಎರವಲು ಪಡೆದದ್ದು ಭೌತವಿಜ್ಞಾನದ ಫ್ರೆನೆಲ್ಲನ ಚಿತ್ರವನ್ನು ಎಂಬುದು ನಮಗೆ ವಿಶೇಷ ಸಂತೋಷದ ಸಂಗತಿ. ಬೆಳಕಿನ ವಿವರ್ತನೆಯನ್ನು ಓದಿದವರು ಬಲ್ಲಂತೆ, ಒಂದರ ಸುತ್ತ ಒಂದರಂತೆ ಸಮಾನ ವಿಸ್ತೀರ್ಣದ ಬಳೆಗಳನ್ನು ಬರೆಯುತ್ತ ಹೋದರೆ ಹೊರಗಿನ ಬಳೆಗಳು ತೆಳ್ಳಗಾಗುತ್ತ ಹೋಗುತ್ತವೆ. ಬಳೆಗಳ ಬದಲು ಚೌಕಗಳನ್ನಿಟ್ಟುಕೊಂಡು ಲೆಕ್ಕ ಮಾಡಿ: 30 ಮೀಟರ್ ಬದಿಯ ಒಂದು ಚೌಕದ ಅರ್ಧ ನೆಲದ ಮೇಲೆ ಕಟ್ಟಬೇಕಾಗಿದೆ. ನಡುವೆ ಕಟ್ಟಿದರೆ 21 ಮೀಟರ್ ಬದಿಯ ಒಂದು ಗಟ್ಟಿ ಮುದ್ದೆ. ಸುತ್ತ ಅಂಚಿನಲ್ಲಿ ಕಟ್ಟಿದರೆ ಕೇವಲ 4.4 ಮೀಟರ್ ದಪ್ಪದ ಒಂದು ಪಟ್ಟಿ, ನಡುವೆ 21 ಮೀಟರಿನ ತೆರೆದ ಅಂಗಳ. ನೆಲ ಅಷ್ಟೇ, ಆದರೆ ಎರಡನೆಯದರಲ್ಲಿ ಪ್ರತಿಯೊಂದು ಕೋಣೆಗೂ ಎರಡು ಕಡೆಯಿಂದ ಬೆಳಕು. ಮುದ್ದೆಯಾಗಿ ಕಟ್ಟಿದ ಕೋಣೆಯಲ್ಲಿ ಹಗಲ ಬೆಳಕು ಕಿಟಕಿಯ ಮೇಲಂಚಿನ ಎತ್ತರದ ಎರಡರಿಂದ ಎರಡೂವರೆಯಷ್ಟು ದೂರದಾಚೆಗೆ ಹೋಗಲಾರದು. ಆಮೇಲೆ ಹಗಲಿನಲ್ಲಿಯೂ ದೀಪ. ಈ ಅಂಗಳದ ಮನೆಯನ್ನು ನೋಡಲು ನಾವು ಕೇಂಬ್ರಿಜ್ಜಿಗೆ ಹೋಗಬೇಕಾಗಿಲ್ಲ. ನಮ್ಮ ಮಲೆನಾಡಿನ ತೊಟ್ಟಿಮನೆ ಇದೇ ಲೆಕ್ಕದ ಮೇಲೆ ನಿಂತದ್ದು. ನಾಲ್ಕಾರು ಚಿಕ್ಕ ನಿವೇಶನಗಳವರು ಒಪ್ಪಿ, ನಡುವೆ ಒಂದೇ ಅಂಗಳ ಬಿಟ್ಟು ಮೂರು ಅಂತಸ್ತು ಕಟ್ಟಲು ನಿಯಮ ಅವಕಾಶ ಕೊಟ್ಟರೆ, ಬಿಡಿಬಿಡಿಯಾದ ಐದಂತಸ್ತಿನ ಗೋಪುರಗಳಲ್ಲಿ ಹಿಡಿಸುವಷ್ಟು ಕುಟುಂಬಗಳನ್ನು ಅಲ್ಲಿಯೂ ಹಿಡಿಸಬಹುದು.

ಹಳೆಯ ಬಡಾವಣೆಗಳನ್ನು ಹೊಗಳುವಾಗ ಒಂದು ಕಹಿಸತ್ಯವನ್ನು ಮರೆಮಾಚುವಂತಿಲ್ಲ. ಅವುಗಳಲ್ಲಿ ನಿವೇಶನಗಳನ್ನು ಹಂಚುವಾಗ ಜಾತಿ ಮತಗಳ ಎಣಿಕೆಯೂ ಸೇರಿತ್ತು. ಕನ್ಸರ್ವೆನ್ಸಿ ಓಣಿ ಇದ್ದುದು ಮಲ ಹೊರುವವರು ಹಿಂದಿನಿಂದಲೇ ಬಂದುಹೋಗಲೆಂದು. ಅಮೆರಿಕದ ಕೆಲವು ನಗರಗಳಂತೂ ಯಾವ ಬೀದಿಯಲ್ಲಿ ಯಾವ ಬಣ್ಣದವರು ಇರಬೇಕೆಂದೇ ವಲಯ ನಿಯಮ ಬರೆದಿದ್ದವು. 1917ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಬೇಕಾಯಿತು. ‘ಬಡಾವಣೆಯ ಲಕ್ಷಣ’ ಎಂಬ ಮಾತನ್ನು ಬಾಡಿಗೆದಾರರನ್ನು, ಬಡವರನ್ನು, ಬೇರೆಯವರನ್ನು ಹೊರಗಿಡುವ ಬೇಲಿಯಾಗಿ ಬಳಸುವುದು ಇಂದಿಗೂ ನಿಂತಿಲ್ಲ. ನಿಯಮ ಕಟ್ಟಡದ ಆಕಾರವನ್ನು ಕುರಿತಿರಬೇಕು, ಒಳಗೆ ಇರುವವರನ್ನಲ್ಲ. ಚಂಡೀಗಢದ ಮೊದಲ ಹಂತದ ಸೆಕ್ಟರುಗಳಲ್ಲಿ ಒಂದು ಕುಟುಂಬದ ಮನೆಯನ್ನು ಅಪಾರ್ಟ್‌ಮೆಂಟುಗಳಾಗಿ ಒಡೆಯಬಾರದೆಂದು 2023ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆ ತೀರ್ಪಿನಲ್ಲಿ ಬೆಂಗಳೂರು ಕೆಟ್ಟ ಬಗೆಯನ್ನೇ ಎಚ್ಚರಿಕೆಯಾಗಿ ಎತ್ತಿಕೊಂಡದ್ದು ನಮಗೆ ನಾಚಿಕೆಯ ವಿಷಯ. ಯೋಜಿತ ನಗರವೊಂದರ ಸ್ವರೂಪವನ್ನು ಕಾಯುವ ಅದರ ಕಾಳಜಿ ಗೌರವಾರ್ಹ. ಆದರೂ, ಅದೇ ಎತ್ತರದ ಮನೆಯೊಳಗೆ ಒಂದು ಕುಟುಂಬವಿದೆಯೋ ಮೂರಿವೆಯೋ ಎಂಬುದರಿಂದ ಬೀದಿಯ ಆಕಾಶ ಹೆಚ್ಚುಕಡಿಮೆಯಾಗುವುದಿಲ್ಲ. ನೀರು, ಚರಂಡಿ, ವಾಹನಗಳ ಲೆಕ್ಕ ಬೇರೆ. ಅದನ್ನು ಬೇರೆಯಾಗಿಯೇ ಮಾಡುವುದು ಮೇಲು.

ನಾವು ಮೊದಲು ಎತ್ತಿಕೊಂಡ ಬೀದಿಗೇ ಮರಳಿ ಒಂದು ನಿಯಮವನ್ನು ಪ್ರಯೋಗಿಸಿ ನೋಡೋಣ. ಅಂಗಳ 3 ಮೀಟರಾಗಿಯೇ ಉಳಿಯಲಿ, ಎತ್ತರ 10 ಮೀಟರಿಗೆ, ಎಂದರೆ ಮೂರು ಅಂತಸ್ತಿಗೆ, ಏರಲಿ. ಕೋನ 48 ಡಿಗ್ರಿ. ಆಕಾಶದ ಪಾಲು 0.67. ಇನ್ನೂ ಎರಡು ಅಂತಸ್ತು ಬೇಕೇ ಬೇಕೆನ್ನುವವನು ಅದೇ 48 ಡಿಗ್ರಿಯ ಗೆರೆಯ ಒಳಗೆ ಕಟ್ಟಲಿ: ನಾಲ್ಕನೆಯ ಅಂತಸ್ತನ್ನು ಮುಂಗೋಡೆಯಿಂದ 3 ಮೀಟರ್, ಐದನೆಯದನ್ನು 6 ಮೀಟರ್ ಹಿಂದಕ್ಕೆ ಸರಿಸಿದರೆ ಬೀದಿಯ ಪಾಲು 0.67 ಹಾಗೆಯೇ ಉಳಿಯುತ್ತದೆ, ಅವನಿಗೆ ಎರಡು ಒಳ್ಳೆಯ ತಾರಸಿಗಳೂ ದೊರೆಯುತ್ತವೆ. ಉತ್ತರದ ನೆರೆಯವನ ಕಡೆಗೂ ಡಿಸೆಂಬರಿನ 53½ ಡಿಗ್ರಿಯ ಗೆರೆಯೊಂದನ್ನು ಇದೇ ರೀತಿ ವಿಧಿಸಬಹುದು. ಇಂತಹ ನಿಯಮವನ್ನು ಪರೀಕ್ಷಿಸಲು ತಜ್ಞರ ಸಮಿತಿ ಬೇಕಾಗಿಲ್ಲ. ಒಂದು ಕೋನಮಾಪಕ ಸಾಕು.

ಆಸಕ್ತಿಯಿರುವ ವಾಚಕರು ತಮ್ಮ ಬೀದಿಯನ್ನು ತಾವೇ ಅಳೆಯಬಹುದು. ಶಾಲೆಯ ಅರ್ಧವೃತ್ತದ ಕೋನಮಾಪಕದ ಕೇಂದ್ರಕ್ಕೆ ಒಂದು ದಾರ ಕಟ್ಟಿ, ದಾರದ ತುದಿಗೆ ಸಣ್ಣ ಕಲ್ಲೊಂದನ್ನು ತೂಗುಬಿಡಿ. ಬೆಳಗಿನ ಜಾವ, ವಾಹನಗಳಿಲ್ಲದ ಹೊತ್ತಿನಲ್ಲಿ, ರಸ್ತೆಯ ನಡುವೆ ನಿಂತು ಕೋನಮಾಪಕದ ನೇರ ಅಂಚಿನ ಗುಂಟ ಮನೆಯ ನೆತ್ತಿಯನ್ನು ನೋಡಿ. 90ರ ಗೆರೆಯಿಂದ ದಾರ ಎಷ್ಟು ಡಿಗ್ರಿ ಸರಿದಿದೆಯೋ ಅದೇ ಬೇಕಾದ ಕೋನ. ಕಣ್ಣು ನೆಲದಿಂದ ಒಂದೂವರೆ ಮೀಟರ್ ಮೇಲಿರುವುದರಿಂದ ನಿಜವಾದ ಕೋನ ಇದಕ್ಕಿಂತ ಕೊಂಚ ಹೆಚ್ಚು. ಎರಡೂ ಬದಿಯಲ್ಲಿ ಅಳೆದು, ಕೊಸೈನುಗಳ ಸರಾಸರಿ ತೆಗೆದುಕೊಳ್ಳಿ. ಹತ್ತು ಹತ್ತು ಹೆಜ್ಜೆಗೊಮ್ಮೆ ಹೀಗೆ ಅಳೆದು ಕಾಗದದ ಮೇಲೆ ಗುರುತಿಸಿದರೆ ಬೀದಿಯ ಆಕಾಶದ ನಕ್ಷೆಯೇ ಸಿದ್ಧವಾಗುತ್ತದೆ. ನೆರಳನ್ನು ಅಳೆಯುವವರು ಡಿಸೆಂಬರ್ 22ನ್ನು ಆರಿಸಿಕೊಳ್ಳುವುದು ಒಳ್ಳೆಯದು. ಆ ದಿನ ಬೆಂಗಳೂರಿನಲ್ಲಿ ಸೂರ್ಯ ನಡುನೆತ್ತಿಯ ಗೆರೆಯನ್ನು ದಾಟುವುದು ಗಡಿಯಾರದ ಹನ್ನೆರಡಕ್ಕಲ್ಲ, 12 ಗಂಟೆ 18 ನಿಮಿಷದ ಸುಮಾರಿಗೆ. ನಮ್ಮ ಗಡಿಯಾರಗಳು ಅನುಸರಿಸುವ 82½ ಡಿಗ್ರಿಯ ರೇಖಾಂಶಕ್ಕಿಂತ ಬೆಂಗಳೂರು ಪಶ್ಚಿಮಕ್ಕಿರುವುದೇ ಇದಕ್ಕೆ ಮುಖ್ಯ ಕಾರಣ.